ಕರಜಗಿಯ ಕವಲಿನಲ್ಲಿ ಕೇಳಿದ ಕೂಗು

ಪವಾಡಗಳ ಮಾತು ಬಂದರೆ ನಾನು ಮೊದಲಿನಿಂದಲೂ ಮೊಂಡ. ಉಮದಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವವನು, ಕಣ್ಣಾರೆ ಕಂಡದ್ದನ್ನೂ ನಾಲ್ಕು ಸಲ ಪರೀಕ್ಷಿಸಿ ಎಂದು ಮಕ್ಕಳಿಗೆ ಹೇಳುವವನು. ಇಂಥವನು ಈ ಸಂಗತಿ ಬರೆಯಲು ಕೂತಿದ್ದಾನೆ ಎಂದರೆ ನಮ್ಮ ಅಕ್ಕ ನಗುತ್ತಾಳೆ. ನಗಲಿ.

ಅಕ್ಕ ಮಾಲವ್ವ ಜತ್ತದಲ್ಲಿರುತ್ತಾಳೆ. ನಮ್ಮದು ಕುರಿ ಕಾಯುವ ಮನೆತನ, ಮನೆದೇವರು ಬೀರಪ್ಪ. ಮದುವೆಯಾಗಿ ಹತ್ತು ವರ್ಷ ಮಕ್ಕಳಾಗದೆ ಅಕ್ಕ ಯೇಸುವಿನ ಪ್ರಾರ್ಥನೆಗೆ ಹೋಗತೊಡಗಿದಳು, ಮಗಳು ಹುಟ್ಟಿದಳು, ಅಲ್ಲಿಗೆ ಅವಳ ನಂಬಿಕೆ ಗಟ್ಟಿಯಾಯಿತು. ಅದೇ ವರ್ಷ ವಿಜಯಪುರದ ಡಾಕ್ಟರರ ಔಷಧವನ್ನೂ ತೆಗೆದುಕೊಂಡಿದ್ದಳು. ಆ ಗುಳಿಗೆಗಳ ಪರವಾಗಿ ಮಾತ್ರ ಯಾರೂ ಸಾಕ್ಷಿ ಹೇಳಲಿಲ್ಲ.

ಸಾಕ್ಷಿ ಹೇಳುವುದು ಅವರಲ್ಲೊಂದು ಪದ್ಧತಿ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಬೇಡಿದ್ದು ಕೈಗೂಡಿದವರು ಎದ್ದು ನಿಂತು ಎಲ್ಲರೆದುರು ಹೇಳುತ್ತಾರೆ. ಕೈಗೂಡದವರು ಏಳುವುದಿಲ್ಲ. ಹಾಗೆ ಕೂತವರೆಷ್ಟು ಮಂದಿ ಎಂದು ಯಾರಾದರೂ ಎಣಿಸಿದ್ದಾರೆಯೇ ಎಂದು ನಾನು ಅಕ್ಕನನ್ನು ಕಾಡಿದೆ. ಅವಳು ಸಿಟ್ಟಾಗಿ, ನೀನೇ ಬರೆದಿಡು ಎಂದಳು. ಬಿಟ್ಟೇನೆಯೇ? ಒಂದು ವಹಿ ತಂದು, ಹಾಳೆಯ ನಡುವೆ ಗೆರೆ ಎಳೆದು, ಒಂದು ಬದಿಗೆ 'ಬೇಡಿದ್ದು', ಇನ್ನೊಂದು ಬದಿಗೆ 'ಆದದ್ದು' ಎಂದು ಬರೆದೆ. ವಾರವಾರ ಅಕ್ಕನಿಗೆ ಫೋನ್ ಮಾಡಿ ಕೇಳಿಕೊಳ್ಳುತ್ತಿದ್ದೆ. ವರ್ಷ ತುಂಬುವಷ್ಟರಲ್ಲಿ 'ಆದದ್ದು' ಬದಿಯ ತುಂಬ ಬರೀ 'ಇಲ್ಲ', 'ಇಲ್ಲ'. ನನಗೆ ಒಳಗೊಳಗೇ ಖುಷಿ.

ಆ ಬೇಸಿಗೆಯ ಒಂದು ಭಾನುವಾರ ಕರಜಗಿಯ ನಮ್ಮ ಮನೆಯಿಂದ ಅವ್ವ ಕಾಣೆಯಾದಳು. ಅವಳಿಗೆ ಮರೆವು ಹತ್ತಿತ್ತು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿದ್ದರೂ, ಕುರಿ ಕಾಯಲು ಹೋದವನಿಗೆ ಬುತ್ತಿ ಒಯ್ಯಬೇಕು ಎಂದು ಏಳುತ್ತಿದ್ದಳು. ಅದಕ್ಕೇ ಬಾಗಿಲಿಗೆ ಚಿಲಕ ಹಾಕಿಡುತ್ತಿದ್ದೆವು. ಅಂದು ಚಿಲಕ ಹಾಕುವುದನ್ನು ಮರೆತವನು ನಾನೇ.

ಬಿಸಿಲು ಧಗಧಗ ಎನ್ನುತ್ತಿತ್ತು. ಊರಿನ ಬಾವಿಗಳಲ್ಲೆಲ್ಲ ಇಣುಕಿದೆ. ಅಕ್ಕನಿಗೆ ಫೋನ್ ಮಾಡಿದೆ. ಅವಳು ಪ್ರಾರ್ಥನೆಯಲ್ಲಿದ್ದಳು, ಸುದ್ದಿ ಕೇಳಿ ಅಲ್ಲಿದ್ದವರೆಲ್ಲ ಮಂಡಿಯೂರಿದರಂತೆ. ನಾನು ಗಾಡಿ ಹತ್ತಿ ಹುಡುಕುತ್ತ ಹೋದೆ. ಊರಾಚೆ ದಾರಿ ಕವಲಾಗುವಲ್ಲಿ ಗಾಡಿ ಬಂದ್ ಮಾಡಿ ನಿಂತೆ. ಯಾವ ಕಡೆ ಹೋಗಬೇಕೋ ತಿಳಿಯಲಿಲ್ಲ.

ಆಗ ಕೇಳಿಸಿತು, ಕುರಿ ಕರೆಯುವ ಕೂಗು. ನಮ್ಮಲ್ಲಿ ಒಬ್ಬೊಬ್ಬ ಕುರುಬನಿಗೂ ತನ್ನದೇ ಕೂಗಿರುತ್ತದೆ; ಬೇರೆಯವನು ಕೂಗಿದರೆ ಕುರಿ ತಿರುಗಿಯೂ ನೋಡುವುದಿಲ್ಲ. ಇದು ಅಪ್ಪನದು. ನಾಲಿಗೆ ಹೊರಳಿಸಿ ಉದ್ದಕ್ಕೆ ಎಳೆದು, ಕೊನೆಗೆ ಮುರಿದ ಮುಂಬಲ್ಲಿನ ಸಂದಿಯಿಂದ ಒಂದು ಸಿಳ್ಳು. ಎರಡು ಸಲ ಕೇಳಿತು, ಎಡಗಡೆ ಹಳ್ಳದ ದಿಕ್ಕಿನಿಂದ. ಅಪ್ಪನ ಗುಂಗಿನಲ್ಲಿ ಕಿವಿಗೆ ಹಾಗೆ ಕೇಳಿಸಿತು ಎನ್ನಿ, ಒಪ್ಪುತ್ತೇನೆ. ಆದರೆ ದಿಕ್ಕು? ಅಂದು ಅದನ್ನೆಲ್ಲ ಯೋಚಿಸಲಿಲ್ಲ, ಓಡಿದೆ.

ಹಳ್ಳದ ದಂಡೆಯಲ್ಲಿ ಜಾಲಿಯ ನೆರಳಿಗೆ ಅವ್ವ ಕೂತಿದ್ದಳು. ಬರಿಗಾಲು, ಅಂಗಾಲಲ್ಲಿ ಬೊಬ್ಬೆ, ತುಟಿ ಒಡೆದಿತ್ತು. ಸುತ್ತ ಒಂದು ಕುರಿಯಿಲ್ಲ, ಹಿಕ್ಕೆಯಿಲ್ಲ, ನರಪಿಳ್ಳೆಯಿಲ್ಲ. ನೀರು ಕುಡಿಸಿದೆ. ನನ್ನ ಮುಖ ನೋಡಿ, "ನಿಮ್ಮಪ್ಪ ಕುರಿ ಎತ್ತಾಗ ಹೊಡಕೊಂಡ ಹ್ವಾದ್ನೋ?" ಎಂದಳು. ಅದು ಮರೆವಿನ ಮಾತೋ, ಅವಳಿಗೂ ಆ ಕೂಗು ಕೇಳಿಸಿತ್ತೋ, ಇವತ್ತಿಗೂ ಗೊತ್ತಿಲ್ಲ. ಇನ್ನರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಅಕ್ಕ ಇದು ಯೇಸುವಿನ ಕೆಲಸ ಎಂದಳು. ಅಪ್ಪನ ತಮ್ಮ, ನಮ್ಮ ಕಾಕಾ, ಬೀರಪ್ಪನ ಗುಡಿಗೆ ಹೋಗಿ ಭಂಡಾರದ ಅರಿಶಿನ ಹಾರಿಸಿ ಬಂದರು. ನಾನು? ಅಂದು ಅಲ್ಲಿ ಕುರಿ ಮೇಯಿಸಿದವನು ಯಾರೆಂದು ತಿಂಗಳುಗಟ್ಟಲೆ ವಿಚಾರಿಸುತ್ತ ತಿರುಗಿದೆ. ಯಾರೂ ಇರಲಿಲ್ಲ. ಕೊನೆಗೊಬ್ಬ, ಶನಿವಾರ ಆ ಕಡೆ ಹೋಗಿದ್ದೆ ಎಂದ. ನನಗೋ, ಅವನ ಶನಿವಾರವನ್ನೇ ಭಾನುವಾರ ಮಾಡಿಕೊಂಡುಬಿಡುವ ಆಸೆ! ಆಗ ನಾಚಿಕೆಯಾಗಿ ವಹಿ ತೆಗೆದು ನೋಡಿದೆ. ಕೈಗೂಡಿದವೆಂದು ಅಕ್ಕ ಹೇಳಿದ್ದ ಐದಾರು ಪ್ರಾರ್ಥನೆಗಳನ್ನು ನಾನು ಬರೆದೇ ಇರಲಿಲ್ಲ. ಕಾಕತಾಳೀಯ ಎಂದು ಬಿಟ್ಟಿದ್ದೆ. ಅವರು ಆದದ್ದನ್ನಷ್ಟೇ ಹೇಳಿದರೆ ನಾನು ಆಗದ್ದನ್ನಷ್ಟೇ ಬರೆದಿದ್ದೆ. ಪರರ ಎಲೆಯಲ್ಲಿ ನೊಣ ಹುಡುಕಿದ್ದೆ, ನನ್ನ ಎಲೆಯಲ್ಲಿ ಹೆಗ್ಗಣವೇ ಬಿದ್ದಿತ್ತು.

ಅಕ್ಕನ ಒತ್ತಾಯಕ್ಕೆ ಒಂದು ಭಾನುವಾರ ನಾನೂ ಸಾಕ್ಷಿ ಹೇಳಲು ಎದ್ದು ನಿಂತೆ. "ನಮ್ಮವ್ವ ಸಿಕ್ಕಳ್ರಿ. ಹ್ಯಾಂಗ ಸಿಕ್ಕಳು, ನನಗ ಗೊತ್ತಿಲ್ಲ. ನೀವೆಲ್ಲಾ ಅಕಿ ಸಲುವಾಗಿ ಮಣಕಾಲ ಊರಿದ್ರಿ, ಅದನ್ನ ನಾ ಮರ್ಯಾಂಗಿಲ್ಲ," ಎಂದೆ. ಪಾಸ್ಟರು ಮುಂದಿನ ಮಾತಿಗೆ ಕಾದರು. ನಾನು ಕೂತುಬಿಟ್ಟೆ.

ಆಮೇಲೆ ಅವ್ವ ಎರಡು ವರ್ಷ ನಮ್ಮೊಂದಿಗಿದ್ದಳು, ನನ್ನ ಕೈತುತ್ತು ತಿಂದಳು. ಆ ಎರಡು ವರ್ಷಗಳನ್ನು ಕೊಟ್ಟವರ ಋಣ ನನ್ನ ಮೇಲಿದೆ. ಒಂದು ಮಾತು ಸಾಕ್ಷಿಯಲ್ಲೂ ಹೇಳಲಿಲ್ಲ, ಅಕ್ಕನಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಅಂದು ಕವಲಿನಲ್ಲಿ ಗಾಡಿ ನಿಲ್ಲಿಸಿ ನಾನು ಕೈ ಮುಗಿದು, "ಯಾರರೆ ಇದ್ರ ನಮ್ಮವ್ವನ್ನ ತೋರಸ್ರಿ," ಎಂದಿದ್ದೆ. ಕೂಗು ಕೇಳಿದ್ದು ಆಮೇಲೆ. ಅವ್ವ ತೀರಿಕೊಂಡ ಮೇಲೆ ವಹಿಯ ಕೊನೆಯ ಹಾಳೆಯಲ್ಲಿ 'ಬೇಡಿದ್ದು' ಬದಿಗೆ ಆ ಮಾತು ಬರೆದೆ, ಆಚೆ ಬದಿಗೆ 'ಅವ್ವ ಸಿಕ್ಕಳು' ಎಂದು ಬರೆದೆ. ಬೇಡಿದ್ದು ಯಾರನ್ನು ಎಂದು ಬರೆಯಲು ಆ ವಹಿಯಲ್ಲಿ ನಾನು ಜಾಗವನ್ನೇ ಬಿಟ್ಟಿರಲಿಲ್ಲ.