ಗೋಡೆಯ ಮೇಲಿನ ಅಕ್ಕ

ನನ್ನ ಚಿಕ್ಕಂದಿನದು ಅಂತ ಇರುವುದು ಒಂದೇ ಫೋಟೋ. ಅದಕ್ಕೆ ನನ್ನ ಹೆತ್ತವ್ವನೇ ಹಾರ ಹಾಕಿ ಗೋಡೆಗೆ ನೇತುಹಾಕಿದ್ದಳು. ಬದುಕಿರುವವರ ಫೋಟೋಗೆ ಹಾರ ಹಾಕಬಾರದು ಎಂಬುದು ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ಅವ್ವನಿಗೂ ಗೊತ್ತಿತ್ತು. ಗೊತ್ತಿದ್ದೇ ಹಾಕಿದಳು. ಯಾಕೆಂದು ನನಗೆ ತಿಳಿದಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ತಿಳಿದ ಮೇಲೆ ಬಂದ ಸಿಟ್ಟು ಮಾತ್ರ ಕೂದಲು ನರೆಯುವವರೆಗೂ ನನ್ನ ಜೊತೆಗೇ ಇತ್ತು.

ನಮ್ಮೂರು ಹುಲ್ಲಹಳ್ಳಿ ಆಚೆ, ನಾಲೆ ಬಯಲಿನಲ್ಲಿದೆ. ಮನೆಯ ನಡುಮನೆ ಗೋಡೆಯಲ್ಲಿ ತಾತನ ಫೋಟೋ, ಅದರ ಪಕ್ಕದಲ್ಲಿ ಅಕ್ಕನ ಫೋಟೋ. ಅಕ್ಕ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾಳೆ. ಮೈಮೇಲೆ ಬುಗ್ಗೆ ತೋಳಿನ ಫ್ರಾಕು, ಹಿಂದೆ ಹಂಸ, ಕೊಳ ಬರೆದ ಸ್ಟುಡಿಯೋ ಪರದೆ, ಇನ್ನೇನು ಅಳುವಂತಿರುವ ತುಟಿ. ನಾನು ಹುಟ್ಟುವ ಮೊದಲೇ, ಎರಡು ವರ್ಷ ತುಂಬುವುದರೊಳಗೆ, ಜ್ವರ ಬಂದು ಹೋದವಳು ಅಂತ ಹೇಳಿದ್ದರು. ಪ್ರತಿ ಸೋಮವಾರ ಅವ್ವ ಆ ಫೋಟೋ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಜಿನ ಮೇಲೆ ವಿಭೂತಿ ಎಳೆದು, ಹೂ ಮುಡಿಸಿ ಮತ್ತೆ ತೂಗುಹಾಕುತ್ತಿದ್ದಳು. ನಾವು ಅದನ್ನು ಮುಟ್ಟುವಂತಿರಲಿಲ್ಲ. ಯಾರಾದರೂ ಸಿಹಿ ತಂದರೆ ಮೊದಲು ಅಕ್ಕನ ಮುಂದಿಟ್ಟು ಆಮೇಲೆ ನಮ್ಮ ಕೈಗೆ. ಸತ್ತವಳಿಗೆ ಇರುವ ಮರ್ಯಾದೆ ಬದುಕಿದವಳಿಗಿಲ್ಲ ಅಂತ ನನಗೆ ಒಳಗೊಳಗೇ ಹೊಟ್ಟೆಯುರಿ. ನನ್ನದೂ ಒಂದು ಫೋಟೋ ತೆಗೆಸು ಅಂತ ಗೋಗರೆದರೆ ಅವ್ವ, "ನಿಂಗ್ಯಾಕೆ ಪೋಟೋ, ಕಣ್ಮುಂದೇನೆ ಇದ್ದೀಯಲ್ಲ" ಅಂದುಬಿಡುತ್ತಿದ್ದಳು.

ಒಂದು ಸೋಮವಾರ ಅವ್ವ ಜ್ವರದಿಂದ ಮಲಗಿದ್ದಳು. ಅವಳ ಕೆಲಸ ನಾನೇ ಮಾಡೋಣ ಅಂತ ಮಣೆಯ ಮೇಲೆ ಹತ್ತಿ ಫೋಟೋ ಇಳಿಸಿದೆ. ಅಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಅದೇ ಮೊದಲು. ಅಕ್ಕನ ಎಡಹುಬ್ಬಿನ ನಡುವೆ ಬಿಳಿ ಗೀರೊಂದಿತ್ತು. ವಿಭೂತಿ ಅಂಟಿರಬೇಕು ಅಂತ ಉಜ್ಜಿದೆ. ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿದೆ.

ನನ್ನ ಎಡಹುಬ್ಬಿನಲ್ಲೂ ಅದೇ ಜಾಗದಲ್ಲಿ ಕೂದಲಿಲ್ಲ. ನಡೆಯಲು ಕಲಿಯುವಾಗ ಒರಳುಕಲ್ಲಿನ ಮೇಲೆ ಬಿದ್ದು ಹುಬ್ಬು ಸೀಳಿದ್ದು, ಅಜ್ಜಿ ಗಾಯಕ್ಕೆ ಕಾಫಿಪುಡಿ ಒತ್ತಿದ್ದು, ಆಮೇಲೆ ಅಲ್ಲಿ ಕೂದಲೇ ಬಾರದೆ ಹೋದದ್ದು ನಮ್ಮ ಮನೆಯಲ್ಲಿ ಬಂದವರಿಗೆಲ್ಲ ಹೇಳುವ ಕತೆ. ಅಕ್ಕ ಬಿದ್ದ ಕತೆಯನ್ನು ಯಾರೂ ಯಾವತ್ತೂ ಹೇಳಿರಲಿಲ್ಲ.

ಫೋಟೋ ಹಿಡಿದುಕೊಂಡೇ ಅವ್ವನ ಚಾಪೆಯ ಹತ್ತಿರ ಹೋದೆ. "ಅವ್ವ, ಇದು ನಾನು" ಅಂದೆ.

"ಬಾಯ್ಮುಚ್ಚು. ಅಂಗನ್ಬ್ಯಾಡ" ಅಂದಳು. ಜ್ವರದಲ್ಲೂ ಎದ್ದು ಕೂತಳು.

ಆಮೇಲೆ ಹೇಳಿದಳು. ನಂಜನಗೂಡಿನಲ್ಲಿ ಮುಡಿ ಕೊಡುವ ಮೊದಲು ಮಗುವಿನ ಫೋಟೋ ತೆಗೆಸಿದರೆ ದೃಷ್ಟಿಯಾಗುತ್ತದೆ ಎನ್ನುವುದು ಅಜ್ಜಿಯ ಕಟ್ಟಳೆ. ಹೊಳೆಯ ಹತ್ತಿರ ಮುಡಿ ತೆಗೆಸಿ, ಸ್ನಾನ ಮಾಡಿಸಿ, ದೇವರ ದರ್ಶನ ಮುಗಿಸಿ, ಹಾಗೇ ಪೇಟೆಬೀದಿಯ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡು ಬರುವುದು ಅಂತ ಅಕ್ಕನಿಗೂ ಮಾತಾಗಿತ್ತು. ಫ್ರಾಕೂ ಹೊಲಿಸಿ ಇಟ್ಟಿದ್ದರು. ಅಷ್ಟರಲ್ಲಿ ಮಗು ಹೋಯಿತು. ದೃಷ್ಟಿಯಾಗಬಾರದು ಅಂತ ಫೋಟೋ ತೆಗೆಸದೆ ಕಾಪಾಡಿಕೊಂಡ ಕೂಸು ಫೋಟೋ ಇಲ್ಲದೆಯೇ ಮಣ್ಣಿಗೆ ಹೋಯಿತು.

"ಅವ್ಳೋಗಿ ವರ್ಸ ತುಂಬೋದ್ರೊಳ್ಗೆ ಅವ್ಳ ಮೊಕ ಜಾರೋಯ್ತಾ ಇತ್ತು" ಅಂದಳು ಅವ್ವ. "ಮೂಗು ನೆಪ್ಪಾದ್ರೆ ಕಣ್ಣು ನೆಪ್ಪಾಯ್ತಿರ್ನಿಲ್ಲ. ಆಮೇಕೆ ನೀನುಟ್ಟಿದ್ದೆ. ಒಂದಿನ ಅವ್ಳ ಪ್ರಾಕ ನಿಂಗಾಕಿ ಬಾಗ್ಲತ್ರ ನಿಲ್ಸಿದ್ದೆ. ನೋಡ್ತೀನಿ, ಅವ್ಳೇ ನಿಂತವ್ಳೆ."

ಅವತ್ತೇ ಯಾರಿಗೂ ಹೇಳದೆ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ನಂಜನಗೂಡಿನ ಬಸ್ಸು ಹತ್ತಿದಳಂತೆ. ನನಗೂ ಆಗ ಮುಡಿ ಕೊಟ್ಟಿರಲಿಲ್ಲ. ಚೌಕಟ್ಟು ಹಾಕಿಸಿದ ಫೋಟೋ ಮನೆಗೆ ಬಂದ ದಿನ ಅವಳೇ ಹೂ ಹಾಕಿದಳು. ಬದುಕಿರುವ ಕೂಸಿಗೆ ಹೂ ಹಾಕಿದೆಯಲ್ಲೇ ಅಂತ ಅಜ್ಜಿ ಹಣೆ ಹಣೆ ಚಚ್ಚಿಕೊಂಡಳು. ಆದರೆ ಹಾಕಿದ ಹೂವನ್ನು ತೆಗೆಯಲೂ ಅಜ್ಜಿಗೆ ಹೆದರಿಕೆ. ಕೊನೆಗೆ ದಾರಿ ಹುಡುಕಿದವಳೂ ಅವಳೇ. ಇದು ದೊಡ್ಡದರ ಫೋಟೋ, ಚಿಕ್ಕದರದು ಅಂತ ಯಾರೂ ಬಾಯಿ ತಪ್ಪಿಯೂ ಅನ್ನಕೂಡದು. ಹೋಲಿಸಿ ನೋಡುವಂತೆ ಚಿಕ್ಕದರ ಇನ್ನೊಂದು ಫೋಟೋ ಮನೆಯಲ್ಲಿ ಇರಲೂ ಕೂಡದು.

"ಅದು ನೀನು ಅಂದ್ರೆ ಊವ ನಿಂಗೇ ಬೀಳ್ತದೆ" ಅಂದಳು ಅವ್ವ. "ಅಕ್ಕ ಅನ್ನು. ಆಗ ಅವ್ಳಿಗೆ ಬೀಳ್ತದೆ."

ನನಗೆ ಹೆದರಿಕೆಯಾಗಲಿಲ್ಲ, ಮೈಯೆಲ್ಲ ಉರಿಯಿತು. ನನ್ನನ್ನು ಸಿಂಗರಿಸಿ, ಬಸ್ಸು ಹತ್ತಿಸಿ, ಕುರ್ಚಿಯಲ್ಲಿ ಕೂರಿಸಿದ್ದು ನನಗಾಗಿ ಅಲ್ಲ. ಕ್ಯಾಮೆರಾ ಹಿಂದೆ ನಿಂತು ನನ್ನ ಕಡೆ ನೋಡುತ್ತಿದ್ದ ಅವ್ವ ನನ್ನನ್ನು ನೋಡುತ್ತಲೇ ಇರಲಿಲ್ಲ. ಅವತ್ತಿನಿಂದ ನಾನು ಆಗಾಗ ಆ ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದೆ. ಅವ್ವ ಬೈಯುತ್ತಿರಲಿಲ್ಲ, ಮತ್ತೆ ಸರಿ ಮಾಡುತ್ತಿದ್ದಳು. ಬೈದಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು. ಇದು ನನ್ನ ಚಿಕ್ಕವಳು ಅಂತ ಒಂದೇ ಒಂದು ಸಲ ಅವಳ ಬಾಯಿಂದ ಬರಲಿ ಎನ್ನುವುದಷ್ಟೇ ನನಗೆ ಬೇಕಿದ್ದದ್ದು. ಅದು ಬರಲಿಲ್ಲ.

ಮದುವೆಯ ದಿನ ಇನ್ನೊಂದು ತಮಾಷೆ ನಡೆಯಿತು. ಛತ್ರಕ್ಕೆ ಹೊರಡುವ ಮೊದಲು ಗೋಡೆಯ ಮೇಲಿನ ಹಿರಿಯರಿಗೆ ನಮಸ್ಕಾರ ಮಾಡು ಅಂದರು. ತಾತನಿಗೆ, ಅಷ್ಟು ಹೊತ್ತಿಗೆ ತೀರಿಕೊಂಡಿದ್ದ ಅಜ್ಜಿಗೆ ಮಾಡಿದೆ. "ಅಕ್ಕಂಗೂ ಮಾಡವ್ವ" ಅಂದಳು ಅವ್ವ. ಧಾರೆಸೀರೆ ಉಟ್ಟುಕೊಂಡು ನನ್ನ ಫೋಟೋಗೆ ನಾನೇ ಅಡ್ಡಬಿದ್ದೆ. ಒಳ್ಳೆಯದು ಮಾಡು ತಾಯಿ ಅಂತ ನನ್ನನ್ನೇ ಕೇಳಿಕೊಂಡೆ. ಮದುವೆ ಫೋಟೋದವರು ಅದನ್ನೂ ತೆಗೆದು ಆಲ್ಬಮ್ಮಿಗೆ ಅಂಟಿಸಿ ಕೊಟ್ಟರು.

ನನ್ನನ್ನು ಕೊಟ್ಟದ್ದು ತಿರುಮಕೂಡಲು ನರಸೀಪುರಕ್ಕೆ. ಮಗಳು ಹುಟ್ಟಿದ ಮೇಲೆ ನಾನು ಮಾಡಿದ್ದೆಲ್ಲ ಹಟದಿಂದಲೇ. ಹೆರಿಗೆ ಹಾಸಿಗೆಯಿಂದಲೇ ಅವಳ ಫೋಟೋ ತೆಗೆಯಲು ಶುರುಮಾಡಿದೆ. ಮುಡಿಯೂ ಇಲ್ಲ ಕಟ್ಟಳೆಯೂ ಇಲ್ಲ. ಬಾಣಂತನಕ್ಕೆ ಬಂದಿದ್ದ ಅವ್ವ ಒಂದು ಮಾತೂ ಆಡದೆ, ನಾನು ಮೊಬೈಲು ಕೆಳಗಿಟ್ಟ ಕೂಡಲೆ ಪೊರಕೆ ಕಡ್ಡಿಯಲ್ಲಿ ಮಗುವಿಗೆ ನೀವಾಳಿಸಿ ಹಾಕುತ್ತಿದ್ದಳು.

ಹೋದ ವರ್ಷ ಅವ್ವನ ಕಾಲು ಊದಿಕೊಂಡು, ಉಸಿರಿಗೂ ಕಷ್ಟವಾಯಿತು. ಊರಿನ ಮನೆಯಲ್ಲಿ ತಮ್ಮ, ಅವನ ಹೆಂಡತಿ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆಸ್ಪತ್ರೆಗೆ ಹತ್ತಿರ ಅಂತ ನಾನು ನರಸೀಪುರಕ್ಕೆ ಕರೆತಂದೆ. ಬಂದು ವಾರವಾಗುವುದರೊಳಗೆ ಅಕ್ಕನ ಫೋಟೋ ಬೇಕು ಅಂದಳು. ತಮ್ಮ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದುಕೊಟ್ಟ. ಕೊನೆಗಾಲದಲ್ಲೂ ಅವಳೇ ಬೇಕು ಅಂತ ನಾನು ಪಾತ್ರೆ ಕುಕ್ಕಿದೆ. ಅವ್ವ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, "ಅವ್ಳು ಎಂಗಿದ್ಲು ಅಂತ ನಂಗೊತ್ತಿಲ್ಲ ಕಣವ್ವ" ಅಂದಳು.

"ಯಾರು?"

"ನಿಮ್ಮಕ್ಕ. ಕಣ್ಮುಚ್ಚುದ್ರೆ ನೀನೇ ಬತ್ತೀಯೆ. ಇದ್ನ ನೋಡೀ ನೋಡೀ ಅವ್ಳ ಮೊಕ ಅಳ್ಸೋಯ್ತು. ಇದ್ದಷ್ಟೂ ಓಯ್ತು."

ನಾನು ಚಮಚವನ್ನು ಗಂಜಿಯ ಬಟ್ಟಲಿಗೆ ಇಟ್ಟೆ.

"ನಾನು ಅಲ್ಲಿಗೋದಾಗ ಅವ್ಳು ಎದುರ್ಗೆ ಬಂದ್ರೆ ಎಂಗೆ ಗುರುತಿಡೀಲಿ?"

ಅಷ್ಟು ವರ್ಷ ಮನಸ್ಸಿನಲ್ಲೇ ಮಸೆದಿಟ್ಟಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಅವಳೇ ನಿನ್ನ ಗುರುತು ಹಿಡೀತಾಳೆ ಬಿಡವ್ವ" ಅಂದೆ.

"ಅಷ್ಟುದ್ದ ಕೂಸು. ಅದ್ಕೇನ್ ಗೊತ್ತಾದದು."

ಅವಳ ಸಂಕಟ ನೋಡಲಾಗದೆ, "ಹಾಗಾದ್ರೆ ಈ ಫೋಟೋನೇ ನಿನ್ನ ಜೊತೆ ಕಳಿಸ್ತೀನಿ ತಗೊ" ಅಂದೆ. ಅವ್ವ ನನ್ನ ಮುಂಗೈ ಹಿಡಿದುಕೊಂಡಳು. ಆ ಕೈಯಲ್ಲಿ ಅಷ್ಟು ಬಲ ಇನ್ನೂ ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ.

"ಬ್ಯಾಡ. ಮಣ್ಗೆ ಆಕ್ಬ್ಯಾಡ. ಅದು ನೀನು."

ಹುಡುಗಿಯಾಗಿದ್ದಾಗಿನಿಂದ ಕಾದಿದ್ದ ಮಾತು ಹೀಗೆ ಬಂತು. ನನಗೆ ಸಂತೋಷವಾಗಲಿಲ್ಲ, ಅಳು ಬಂತು. ಆ ಮಾತು ಹೇಳುವುದಕ್ಕೆ ಅವ್ವ ದೊಡ್ಡ ಮಗಳನ್ನು ಪೂರ್ತಿ ಬಿಟ್ಟುಕೊಡಬೇಕಾಗಿತ್ತು, ಬಿಟ್ಟುಕೊಟ್ಟಳು. ಗಂಜಿ ಅರ್ಧಕ್ಕೇ ಸಾಕು ಅಂದಳು.

ಅದಾಗಿ ಸ್ವಲ್ಪ ದಿನಕ್ಕೆ ಅವ್ವ ತೀರಿಕೊಂಡಳು. ಊರಿಗೆ ಕರೆದೊಯ್ದೆವು, ಫೋಟೋವೂ ಜೊತೆಗೇ ಹೋಯಿತು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಮೈ ತೊಳೆದು, ವಿಭೂತಿ ಧರಿಸಿ, ಗೋಡೆಗೆ ಒರಗಿಸಿ ಕೂರಿಸಿ, ಸುತ್ತ ಮನೆಯವರೆಲ್ಲ ನಿಂತು ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಮನೆಗಳಲ್ಲಿ ಇಡೀ ಸಂಸಾರ ಒಟ್ಟಿಗಿರುವ ಫೋಟೋ ಅಂದರೆ ಅದೊಂದೇ. ಬದುಕಿದ್ದಾಗ ಒಬ್ಬರಿಗೆ ಪುರುಸೊತ್ತಿದ್ದರೆ ಇನ್ನೊಬ್ಬರಿಗೆ ಮುನಿಸು. ನಮ್ಮದೂ ಅದೇ ಮೊದಲು, ನನ್ನ ಮದುವೆಯಲ್ಲೂ ಎಲ್ಲರೂ ಒಟ್ಟಿಗೆ ನಿಂತಿರಲಿಲ್ಲ.

ಎಲ್ಲರೂ ನಿಂತ ಮೇಲೆ ಅಪ್ಪನ ತಂಗಿ, ನಮ್ಮ ಅತ್ತೆ, ಅಕ್ಕನ ಫೋಟೋ ತಂದು ಅವ್ವನ ತೊಡೆಯ ಮೇಲಿಟ್ಟರು. "ಇದು ಅವಳ್ಜೊತೇಲೆ ಓಗ್ಲಿ. ಬದುಕಿರೋಗಂಟ ಇದ್ನೇ ನೋಡ್ಕೊಂಡಿದ್ಲು" ಅಂದರು.

ನಾನು ಬಗ್ಗಿ ಅದನ್ನು ಎತ್ತಿಕೊಂಡೆ. "ಇದು ಅಕ್ಕ ಅಲ್ಲ ಅತ್ತೆ. ನಾನು."

ಅತ್ತೆ ಕೈ ಹಿಂದಕ್ಕೆಳೆದುಕೊಂಡರು. ಇವಳಿಗೆ ಇವತ್ತೇ ಬೇಕಿತ್ತಾ ಎನ್ನುವ ಹಾಗೆ ತಮ್ಮ ದುರುಗುಟ್ಟಿ ನೋಡಿದ. ಫೋಟೋದವನು ಎಲ್ಲರೂ ಈ ಕಡೆ ನೋಡಿ ಅಂದ. ಆ ಫೋಟೋದಲ್ಲಿ ನಾನು ಚೌಕಟ್ಟನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೇನೆ. ಕಾಣುವುದು ಅದರ ಹಿಂದಿನ ರಟ್ಟು ಮಾತ್ರ.

ನರಸೀಪುರಕ್ಕೆ ತಂದು, ಹಾರ ತೆಗೆದು, ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ನನ್ನದು ನನಗೆ ಬಂತು ಅಂದುಕೊಂಡೆ. ಒಂದು ಸಲವೂ ತೆಗೆದು ನೋಡಲಿಲ್ಲ.

ಈ ಸಲದ ಪಿತೃಪಕ್ಷಕ್ಕೆ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಯಾಕೋ ಏನೋ, ಹೊರಡುವಾಗ ಆ ಫೋಟೋವನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೆ. ನಡುಮನೆ ಗೋಡೆಯಲ್ಲಿ ಅವ್ವನ ಹೊಸ ಫೋಟೋ ಬಂದಿತ್ತು. ಸ್ಟುಡಿಯೋದವರು ಸುಕ್ಕೆಲ್ಲ ಅಳಿಸಿ ಅವಳನ್ನು ಬೆಳ್ಳಗೆ ಮಾಡಿಬಿಟ್ಟಿದ್ದರು. ಪಕ್ಕದಲ್ಲಿ ಬರೀ ಮೊಳೆ. ಹಿರಿಯರ ಫೋಟೋಗಳ ಮುಂದೆ ಎಲೆ ಹಾಕಿ ಎಡೆ ಬಡಿಸಿದೆವು. ಅವ್ವ ಇದ್ದಷ್ಟು ದಿನವೂ ಕೊನೆಯಲ್ಲಿ ಅಕ್ಕನಿಗೆ ಒಂದು ಪುಟ್ಟ ಎಲೆ ಹಾಕಿ ಹಾಲನ್ನ, ಬೆಲ್ಲ ಇಡುತ್ತಿದ್ದಳು. ತಮ್ಮನ ಹೆಂಡತಿ ಆ ಎಲೆ ಕೈಯಲ್ಲಿ ಹಿಡಿದುಕೊಂಡು ಮೊಳೆಯ ಕೆಳಗೆ ನಿಂತಿದ್ದಳು. "ಇದ ಎಲ್ಲಿಡ್ಲಿ ಅತ್ಗೆ?" ಅಂದಳು.

ಅಕ್ಕನಿಗೆ ಈ ಭೂಮಿಯ ಮೇಲೆ ಮುಖ ಅಂತ ಇದ್ದದ್ದು ಅದೊಂದೇ, ಅದೂ ಎರವಲಿನದು. ಅದನ್ನು ನಾನು ಸೀರೆಗಳ ಕೆಳಗೆ ಹಾಕಿ ಮುಚ್ಚಿದ್ದೆ. ಬ್ಯಾಗಿನಿಂದ ಫೋಟೋ ತೆಗೆದು ಒರೆಸಿ ಮೊಳೆಗೆ ಹಾಕಿದೆ.

"ಅಮ್ಮ, ಅದು ನೀನಲ್ವಾ?" ಅಂದಳು ಮಗಳು. ಅವಳಿಗೆ ನಾನೇ ಎಲ್ಲವನ್ನೂ ಹೇಳಿದ್ದೆ.

"ಅಲ್ಲ ಕಣೆ, ನಿಮ್ಮ ದೊಡ್ಡವ್ವ" ಅಂದೆ.

ತಟ್ಟೆಯಲ್ಲಿ ಉಳಿದಿದ್ದ ಹಾರ ಎತ್ತಿ ಹಾಕಿದೆ. ಆಮೇಲೆ ತಮ್ಮನ ಹೆಂಡತಿಯ ಕೈಯಿಂದ ಎಲೆ ಇಸಿದುಕೊಂಡು ಅದರ ಮುಂದೆ ಹಾಸಿ, ಅನ್ನಕ್ಕೆ ಹಾಲು ಹಾಕಿ ಬೆಲ್ಲ ಇಟ್ಟೆ.