ಅತ್ತೆಯ ಮೂರನೇ ದೇವರು

ಎರಡು ವರ್ಷದ ಹಿಂದಿನ ಶ್ರಾವಣ ಶನಿವಾರ. ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ ನಮ್ಮ ಯಜಮಾನರು ಆಗಷ್ಟೇ ಕೋಲಿಲ್ಲದೆ ನಡೆಯತೊಡಗಿದ್ದರು. ಮಗನ ಕಾಲು ನೆಟ್ಟಗಾದರೆ ಒಂದೇ ದಿನ ಮೂರು ದೇವರ ದರ್ಶನ ಮಾಡುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರು. ಗುತ್ತಲಿನ ನಮ್ಮ ಮನೆಗೆ ಹತ್ತಿರದ ಅರ್ಕೇಶ್ವರ, ಮದ್ದೂರಿನ ಉಗ್ರನರಸಿಂಹ, ಕೊನೆಗೆ ಮಳವಳ್ಳಿ ಪಕ್ಕದ ಮಾರೇಹಳ್ಳಿಯ ಲಕ್ಷ್ಮೀನರಸಿಂಹ. ಹೊರಟಿದ್ದು ನಾವಿಬ್ಬರೇ, ಕಾರು ಓಡಿಸುವವಳು ನಾನು. ಕಲಿತು ಆರು ತಿಂಗಳಾಗಿತ್ತು ಅಷ್ಟೇ.

ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚುವುದು ನನ್ನ ಕೆಲಸ. ಅವತ್ತೂ ಚುಚ್ಚಿ, ಸೀರೆ ಉಡುತ್ತಾ ರೂಮಿನಿಂದಲೇ "ತಿಂಡಿ ತಿಂದ್ರಾ ಅತ್ತೆ?" ಎಂದು ಕೂಗಿದೆ. "ನಂದೆಲ್ಲ ಆಯ್ತು, ನೀನ್ ಬಿರ್ರನೆ ಬಾರಮ್ಮಿ" ಎಂದರು. ನಾನು ಹೋಗಿ ತಟ್ಟೆ ನೋಡಲಿಲ್ಲ.

ಮದ್ದೂರಿನಲ್ಲಿ ಉದ್ದದ ಸಾಲು. ದರ್ಶನ ಮುಗಿಸಿ ಹೊರಬಂದಾಗ ಹನ್ನೊಂದು ದಾಟಿತ್ತು. ಮಳವಳ್ಳಿ ರಸ್ತೆ ಹಿಡಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅತ್ತೆಯ ಮಾತು ನಿಂತಿತು. ನಮ್ಮತ್ತೆ ಮಾತು ನಿಲ್ಲಿಸುವ ಪೈಕಿ ಅಲ್ಲ. ತಿರುಗಿ ನೋಡಿದರೆ ಮುಖದ ತುಂಬ ಬೆವರು, ಕೈ ಗಡಗಡ ನಡುಗುತ್ತಿದೆ. ಕಾರು ಪಕ್ಕಕ್ಕೆ ಹಾಕಿ, ಅವರ ಸೆರಗಿನಿಂದಲೇ ಮುಖ ಒರೆಸಲು ಹೋದೆ. ಸೆರಗಿನ ತುದಿಯಲ್ಲಿ ಗಂಟು. ಬಿಚ್ಚಿದರೆ ಎರಡೂ ಗುಡಿಯ ಬಾಳೆಹಣ್ಣು, ಕಲ್ಲುಸಕ್ಕರೆ ಹಾಗೇ ಇವೆ.

"ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?"

"ಮೂರ್ನೇ ದೇವ್ರು ನೋಡಗಂಟ ನೀರೂ ಮುಟ್ಟಕಿಲ್ಲ ಅಂತ ಅರ್ಕೆ ಕಣಮ್ಮಿ." ನಾಲಿಗೆ ತೊದಲುತ್ತಿತ್ತು.

ರಕ್ತದಲ್ಲಿನ ಸಕ್ಕರೆ ತೀರಾ ಇಳಿದುಹೋಗಿತ್ತು. ಖಾಲಿ ಹೊಟ್ಟೆಯವರಿಗೆ ಇನ್ಸುಲಿನ್ ಚುಚ್ಚಿ ಕರೆತಂದವಳು ನಾನೇ. ಕಲ್ಲುಸಕ್ಕರೆಯನ್ನು ಬಾಯಿಗೆ ಹಿಡಿದರೆ ಹಲ್ಲು ಕಚ್ಚಿ ಮುಖ ತಿರುಗಿಸಿದರು. ಬೇಡಿಕೊಂಡೆ, ಬೈದೆ, ಸತ್ತೇ ಹೋಗ್ತೀರಾ ಎಂದು ಅರಚಿದೆ. "ನನ್ ಮಗನ್ ಕಾಲು" ಎಂದಷ್ಟೇ ಅಂದರು. ಕಣ್ಣು ಮುಚ್ಚಿಕೊಳ್ಳತೊಡಗಿತು. ಮಳವಳ್ಳಿ ಆಸ್ಪತ್ರೆಗೆ ಇನ್ನೂ ಅರ್ಧ ಗಂಟೆಯ ದಾರಿ.

ರಸ್ತೆ ಬದಿಯಲ್ಲಿ ಒಂದು ಆಲೆಮನೆ ಇತ್ತು. ನನ್ನ ಅರಚಾಟ ಕೇಳಿ, ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ ಹೆಂಗಸೊಬ್ಬರು ಓಡಿ ಬಂದರು. ಅಳುತ್ತಲೇ ಎಲ್ಲ ಹೇಳಿದೆ. ಅವರು ತಕ್ಷಣ ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಹಲಗೆ. ಅದರ ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ, ಅವನ ಮುಂದೆ ಒಂದು ಉಂಡೆ ಬೆಲ್ಲ.

"ಅವ್ವಾ, ಕಣ್ ಬುಡು. ಎಷ್ಟ್ ದೇವ್ರು ನೋಡ್ತೀನಿ ಅಂದಿದ್ದೆ?"

"ಮೂರು."

"ಇವ್ನೇ ಮೂರ್ನೇವ್ನು. ದಿನಾ ಇವ್ನಿಗೆ ಕೈ ಮುಗ್ದೇ ನಾವು ಒಲೆ ಅಂಟ್ಸದು. ಮೊದುಲ್ನೇ ಪಾಕದ್ ಬೆಲ್ಲ ಇವ್ನಿಗೇ. ಕೈ ಮುಗಿ."

ಅತ್ತೆ ಬೆನಕನನ್ನೇ ನೋಡುತ್ತಾ ಕೂತರು. ಬೇಡ ಅಂದುಬಿಟ್ಟರೆ ಏನು ಗತಿ ಎಂದು ನನಗೆ ಭಯ. ಕೊನೆಗೆ ಎರಡೂ ಕೈ ಎತ್ತಿದರು. ನಡುಕಕ್ಕೆ ಕೈಗಳು ಒಂದಾಗಲಿಲ್ಲ, ಆ ಹೆಂಗಸೇ ಹಿಡಿದು ಜೋಡಿಸಿದರು. ಆಮೇಲೆ ಅತ್ತೆ ಬಾಯಿ ತೆರೆದರು. ಮೊದಲು ಬೆಲ್ಲದ ಚೂರು, ಹಿಂದೆಯೇ ಬೆಲ್ಲ ಕದಡಿದ ನೀರು. ಕಾಲು ಗಂಟೆಯಲ್ಲಿ ನಡುಕ ನಿಂತಿತು. "ಕಾರಿನ್ ಬಾಗ್ಲು ಆಕು, ಧೂಳ್ ಬತ್ತದೆ" ಎಂದು ನನ್ನನ್ನು ಗದರಿದಾಗ ಹೋದ ಜೀವ ಬಂದಂತಾಯಿತು.

ಮಳವಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಆ ಬೆಲ್ಲವೇ ಉಳಿಸಿದ್ದು ಎಂದರು. ಅಷ್ಟರಲ್ಲಿ ಮಧ್ಯಾಹ್ನವಾಗಿ ಮಾರೇಹಳ್ಳಿಯ ಗುಡಿ ಬಾಗಿಲು ಹಾಕಿತ್ತು. ಸಂಜೆ ತೆಗೆಯುವವರೆಗೆ ಕಾಯೋಣವೇ ಎಂದು ಕೇಳಿದೆ. "ಯಾಕೆ? ಮೂರೂ ಆಯ್ತಲ್ಲ" ಎಂದು ಅತ್ತೆ ಹೋಗಿ ಕಾರಿನಲ್ಲಿ ಕೂತರು.

ಈಗ ತಟ್ಟೆ ಮುಂದಿಟ್ಟ ಮೇಲೇ ನಾನು ಸೂಜಿ ಹಿಡಿಯುವುದು. ಅವರು ತಿಂದು ಮುಗಿಸುವವರೆಗೂ ಕದಲುವುದಿಲ್ಲ. ಗಾಬರಿಯಲ್ಲಿ ಆ ಹೆಂಗಸಿನ ಹೆಸರು ಕೇಳಲಿಲ್ಲ, ಆಮೇಲೆ ಹೋದಾಗ ಅವರು ಸಿಗಲಿಲ್ಲ ಎಂಬ ಸಂಕಟ ಇವತ್ತಿಗೂ ಇದೆ. ಆ ರಸ್ತೆಯಲ್ಲಿ ಹೋದಾಗಲೆಲ್ಲ ಅತ್ತೆ ಕಾರು ನಿಲ್ಲಿಸಲು ಹೇಳುತ್ತಾರೆ. ಚಪ್ಪಲಿಯನ್ನು ಹೊರಗೆ ಬಿಟ್ಟು ಆಲೆಮನೆಯೊಳಗೆ ಹೋಗುತ್ತಾರೆ.