ಮೆಟಾಲ್ ಬಿಟ್ಟ ಖಾಲಾ

ಮೊನ್ನೆ ಶಿವಾಜಿನಗರ ಬಸ್ ನಿಲ್ದಾಣದ ಹೊರಗೆ ಗೋಬಿ ಮಂಚೂರಿ ಗಾಡಿಯ ಪಕ್ಕ ನಿಂತಿದ್ದೆ. ಗಾಡಿಯವನು ವಿನೆಗರ್ ಬಾಟಲಿ ತೆಗೆದು ಬಾಣಲೆಗೆ ಸುರಿದ. ಆ ಹುಳಿ ಘಾಟು ಮೂಗಿಗೆ ಹೊಡೆದದ್ದೇ ತಡ, ಫ್ರೇಜರ್ ಟೌನಿನ ಒಂದು ಬಚ್ಚಲುಮನೆ ನೆನಪಾಯಿತು. ಒಳಗೆ ಕತ್ತಲು, ಟ್ರೇಯಲ್ಲಿ ನೀರು ಅಲುಗುವ ಸದ್ದು, ಮುಚ್ಚಿದ ಬಾಗಿಲಾಚೆಯಿಂದ ಖಾಲಾ ದನಿ: "ಬಾಗಿಲು ತೆಗೀಬೇಡ ಬೇಟಾ, ಫಿಲಂ ಡಬ್ಬಿಯಿಂದ ಹೊರಗಿದೆ."

ಖಾಲಾ ನಾನು ಬಾಡಿಗೆಗಿದ್ದ ಮನೆಯ ಒಡತಿ. ತಾಯಿಯ ಅಕ್ಕತಂಗಿಯರನ್ನು ಅವರ ಮನೆಮಾತಿನಲ್ಲಿ ಹಾಗೆ ಕರೆಯುತ್ತಾರೆ. ಓಣಿಯವರೆಲ್ಲ ಕರೆಯುತ್ತಿದ್ದರು, ನಾನೂ ಕರೆದೆ. ರಾಯಚೂರಿನಿಂದ ಬಂದು ಒಂದು ಚಿಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಮಹಡಿಯ ಕೋಣೆ ನನ್ನದು. ಕೆಳಗೆ ಅವರ ಮನೆ, ಮುಂದಿನ ಕೋಣೆಯಲ್ಲಿ ಅವರ ಸ್ಟುಡಿಯೊ. ಬೋರ್ಡ್ ಇರಲಿಲ್ಲ. ಗಂಡಸರ ಕ್ಯಾಮೆರಾ ಮುಂದೆ ಕೂರಲು ಮನಸ್ಸಿಲ್ಲದ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ಬುರ್ಖಾದವರು ಹೆಚ್ಚು, ಮರ್ಫಿ ಟೌನಿನ ತಮಿಳು ಅಮ್ಮಂದಿರೂ ಇರುತ್ತಿದ್ದರು.

ಮರದ ದೊಡ್ಡ ಕ್ಯಾಮೆರಾ. ಅದಕ್ಕೆ ರೀಲ್ ಹಾಕುವಂತಿಲ್ಲ. ಶೀಟ್ ಫಿಲಂ ಬೇಕು, ಅಂದರೆ ಅಂಗೈಯಗಲದ ಬಿಡಿ ಹಾಳೆ. ಒಂದು ಹಾಳೆಗೆ ಒಂದೇ ಚಿತ್ರ. ಆ ಹಾಳೆಯನ್ನು ತಾವೇ ಬಚ್ಚಲಲ್ಲಿ ತೊಳೆದು, ಪ್ರಿಂಟನ್ನೂ ನೆಗೆಟಿವನ್ನೂ ಆ ಹೆಂಗಸಿನ ಕೈಗೇ ಕೊಟ್ಟುಬಿಡುತ್ತಿದ್ದರು. ತಮಗಾಗಿ ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಕೈಕೈಯಲ್ಲೂ ಮೊಬೈಲ್ ಬಂದ ಮೇಲೂ ಅವರ ಬಾಗಿಲಿಗೆ ಜನ ಬರುತ್ತಿದ್ದುದು ಇದಕ್ಕೇ.

ಒಂದು ಮಧ್ಯಾಹ್ನ ಪಕ್ಕದ ಓಣಿಯ ಹೆಂಗಸೊಬ್ಬಳು ಬಂದಳು. ಯಾವುದೋ ಮದುವೆಯಲ್ಲಿ ಅವಳಿಗೆ ಗೊತ್ತಿಲ್ಲದೆ ತೆಗೆದ ಫೋಟೊವನ್ನು ನೆಂಟನೊಬ್ಬ ಕೊಳಕು ಮಾತು ಸೇರಿಸಿ ಹತ್ತಾರು ಜನಕ್ಕೆ ಕಳಿಸಿದ್ದ; ಅದು ಓಣಿಯೆಲ್ಲ ಸುತ್ತಿ ಅವಳ ಗಂಡನ ಫೋನಿಗೂ ಬಂದಿತ್ತು. ಆಮೇಲೆ ಅವಳು ಹೊರಗೆ ಕಾಣಿಸಿಕೊಂಡದ್ದೇ ಕಡಿಮೆ.

"ಒಂದು ಫೋಟೊ ತೆಗೀರಿ ಖಾಲಾ," ಎಂದಳು. "ಚೆನ್ನಾಗಿರೋದು. ಅದು ನನ್ ಹತ್ರ ಮಾತ್ರ ಇರ್ಬೇಕು."

ಖಾಲಾ ತಮ್ಮ ಕೈ ತೋರಿಸಿದರು. ಬೆರಳ ತುದಿಗಳೆಲ್ಲ ಬಿರಿದು ಕೆಂಪಾಗಿದ್ದವು, ಕೆಲವು ಕಡೆ ನೀರುಗುಳ್ಳೆ. ಫಿಲಂ ತೊಳೆಯುವ ದ್ರಾವಣದಲ್ಲಿ ಮೆಟಾಲ್ ಎಂಬ ಪುಡಿ ಇರುತ್ತದೆ. ಅಷ್ಟು ವರ್ಷ ಒಗ್ಗಿದ್ದು ಆಗ ತಿರುಗಿಬಿದ್ದಿತ್ತು. ನಮ್ಮ ಆಸ್ಪತ್ರೆಯ ಚರ್ಮದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಅವರು, "ಈ ಕೆಲಸ ಬಿಟ್ಬಿಡಿಮ್ಮ," ಎಂದಿದ್ದರು.

ಆದರೂ ಖಾಲಾ ಅವಳಿಗೆ ಹೇಳಿದರು: "ಸ್ವಲ್ಪ ದಿನ ತಡಿ. ಮೆಟಾಲ್ ಬಿಡ್ತೀನಿ, ಕೆಲಸ ಬಿಡಲ್ಲ."

ಅವರ ತಮ್ಮನಿಗೆ ಇದು ಹಿಡಿಸಲಿಲ್ಲ. ಶಿವಾಜಿನಗರದಲ್ಲಿ ಬಟ್ಟೆ ಅಂಗಡಿಯಿದ್ದ ಅವರಿಗೆ ಮುಂದಿನ ಕೋಣೆಯ ಮೇಲೆ ಕಣ್ಣಿತ್ತು. "ಆಪಾ, ಈ ಕಾಲದಲ್ಲಿ ಯಾರು ಇದನ್ನೆಲ್ಲ ಮಾಡ್ತಾರೆ?" ಎಂದರು. "ನಾನು ಮಾಡ್ತೀನಿ," ಎಂದು ಖಾಲಾ ಚಹಾದ ಲೋಟ ಅವರ ಕೈಗಿಟ್ಟರು.

ನಾನು ಆಸ್ಪತ್ರೆಯವರನ್ನು ಕೇಳಿ ಕೈಗವಸು ತಂದುಕೊಟ್ಟೆ. ಪ್ರಯೋಜನವಾಗಲಿಲ್ಲ. ಆ ಕತ್ತಲಲ್ಲಿ ಬೆರಳೇ ಕಣ್ಣು. ಗವಸು ಹಾಕಿದರೆ ಹಾಳೆ ಜಾರಿ ಗೀರು ಬೀಳುತ್ತಿತ್ತು. ಆಮೇಲೆ ಯಾರೋ ಹೇಳಿದರೆಂದು ಇನ್‌ಸ್ಟಂಟ್ ಕಾಫಿ ಪುಡಿಗೆ ವಾಷಿಂಗ್ ಸೋಡಾ ಬೆರೆಸಿದರು. ಪರೀಕ್ಷೆಗೆ ಕ್ಯಾಮೆರಾ ಮುಂದೆ ಕೂತವಳು ನಾನು. ಮನೆಯೆಲ್ಲ ಒದ್ದೆ ನಾಯಿಯ ವಾಸನೆ. ಹಾಳೆಯಲ್ಲಿ ನನ್ನ ಮುಖ ಮಣ್ಣು ಮೆತ್ತಿದಂತೆ ಕಂಡಿತು.

"ಇದನ್ನ ಕುಡಿಯೋಕೂ ಆಗಲ್ಲ, ತೊಳೆಯೋಕೂ ಆಗಲ್ಲ," ಎಂದು ಖಾಲಾ ಚೆಲ್ಲಿಬಿಟ್ಟರು.

ಕೊನೆಗೆ ಪೇಟೆಯ ಕೆಮಿಕಲ್ ಅಂಗಡಿಗಳನ್ನು ಇಬ್ಬರೂ ಅಲೆದೆವು. ಮೆಟಾಲ್ ಜಾಗಕ್ಕೆ ಫೆನಿಡೋನ್ ಎಂಬ ಪುಡಿ ಬರುತ್ತದೆ, ಅದು ಚರ್ಮಕ್ಕೆ ಅಷ್ಟು ಬಾಧಿಸುವುದಿಲ್ಲ ಎಂದು ಗೊತ್ತಾಯಿತು. ಚಿಟಿಕೆಯಷ್ಟು ಸಾಕು, ಆದರೆ ಜೊತೆಗೆ ವಿಟಮಿನ್ ಸಿ, ವಾಷಿಂಗ್ ಸೋಡಾ ಬೇಕು. ಮತ್ತೆ ನಾನು ಕೂತೆ, ಮತ್ತೆ ಅವರು ಕತ್ತಲಿಗೆ ಹೋದರು. ಹಾಳೆ ಕಿಟಕಿ ಗಾಜಿನಂತೆ ಖಾಲಿ ಬಂತು. ನಾನು ಅಲ್ಲಿ ಇರಲೇ ಇಲ್ಲವೇನೋ ಅನ್ನುವ ಹಾಗೆ...

ಆ ದಿನ ಖಾಲಾ ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟರು. ಫಿಲಂ ಮುಂಬೈಯಿಂದ ತರಿಸಬೇಕು. ಉಳಿದ ಹಾಳೆಗಳು ಕೆಲವೇ. ಸಾಕು ಬಿಡಿ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರೇ, "ವಿಟಮಿನ್ ಸಿ ಹುಳಿ ನೋಡು ಬೇಟಾ. ಸೋಡಾನೆಲ್ಲ ಅದೇ ತಿಂದ್ಬಿಟ್ಟಿದೆ. ಇದಕ್ಕೆ ಇನ್ನೂ ಸೋಡಾ ಬಡಿಸ್ಬೇಕು," ಎಂದು ಎದ್ದರು.

ಸೋಡಾ ಹೆಚ್ಚಿಸಿದರು. ಈ ಸಲ ಹಾಳೆ ವಿನೆಗರ್ ನೀರಿನಲ್ಲಿ ನೆನೆದು, ಚಿತ್ರ ಅಳಿಯದಂತೆ ಕಾಯುವ ಹೈಪೋದಲ್ಲಿ ಮುಳುಗಿ ಬೆಳಕಿಗೆ ಬಂದಾಗ ನನ್ನ ಕೂದಲು, ಸೀರೆಯ ಅಂಚು, ಗಲ್ಲದ ಗಾಯದ ಗುರುತು ಎಲ್ಲವೂ ಇದ್ದವು. ಖಾಲಾ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಗಲಿಲ್ಲ. "ನಾಳೆ ಅವಳನ್ನ ಕರಿ," ಎಂದರು.

ಅವಳು ಹಸಿರು ಸೀರೆ ಉಟ್ಟು, ಬುರ್ಖಾ ತೆಗೆದು ಮಡಿಸಿಟ್ಟು ಕೂತಳು. ಮೊದಲು ನೆಲ ನೋಡುತ್ತಿದ್ದಳು. "ಯಾರಿಗೆ ಹೆದರ್ತೀಯಾ? ಇಲ್ಲಿ ನಾವ್ ಹೆಂಗಸ್ರೇ ಇದ್ದೀವಿ," ಎಂದರು ಖಾಲಾ. ಅವಳು ತಲೆ ಎತ್ತಿದಳು... ಆ ನೋಟವನ್ನು ನಾನು ಬಾಗಿಲಿನಿಂದ ಕಂಡೆ. ಪ್ರಿಂಟಿನಲ್ಲಿ ಅದು ಹೇಗೆ ಬಂತೋ ನನಗೆ ಗೊತ್ತಿಲ್ಲ. ಖಾಲಾ ಕವರಿನಲ್ಲಿ ಹಾಕಿ ಅಂಟಿಸಿ ಅವಳ ಕೈಗೇ ಕೊಟ್ಟರು.

ಅವರ ಬೆರಳು ನಿಧಾನವಾಗಿ ಮಾಗಿದವು. ಆಮೇಲೂ ಕೆಲವು ವರ್ಷ ಹೆಂಗಸರು ಬಂದರು, ಕೂತರು, ತಮ್ಮ ಮುಖ ತಾವು ತೆಗೆದುಕೊಂಡು ಹೋದರು. ಮದುವೆಯಾಗಿ ನಾನು ಬೈಯಪ್ಪನಹಳ್ಳಿಗೆ ಬಂದೆ. ಒಂದು ಚಳಿಗಾಲ ಎದೆನೋವು ಬಂದು ಖಾಲಾ ತೀರಿಕೊಂಡರು. ಮನೆ ಕೈಬದಲಾಯಿತು. ಈಗ ಆ ಜಾಗದಲ್ಲಿ ಬಿರಿಯಾನಿ ಹೋಟೆಲು ಇದೆ.

ಈಚೆಗೆ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಕಂಟೋನ್ಮೆಂಟಿನ ಹಳೆಯ ಸ್ಟುಡಿಯೊಗಳ ಬಗ್ಗೆ ಒಂದು ಪ್ರದರ್ಶನ ಮಾಡುತ್ತಾರಂತೆ. ಖಾಲಾ ತೆಗೆದದ್ದು ಒಂದೂ ಸಿಕ್ಕಿಲ್ಲವಂತೆ. ಅಂದು ಖಾಲಾ ನನ್ನ ಕೈಗೇ ಕೊಟ್ಟಿದ್ದ ನನ್ನ ಚಿತ್ರವನ್ನು ಮೊಬೈಲಿನಲ್ಲಿ ಕಳಿಸಬಹುದೇ ಎಂದು ಬಹಳ ವಿನಯದಿಂದ ಕೇಳಿದಳು.

"ಆಗಲ್ಲಮ್ಮ," ಎಂದೆ.

"ಅವರ ಹೆಸರಾದ್ರೂ ಉಳೀಬೇಕಲ್ವಾ ಮೇಡಂ?"

ಆ ಮಾತು ಚುಚ್ಚಿತು. ಖಾಲಾ ತಮ್ಮದೊಂದೂ ಚಿತ್ರ ತೆಗೆಸಿಕೊಂಡವರಲ್ಲ. ಅವರ ಮುಖ ನನ್ನ ಕಣ್ಣ ಮುಂದೆಯೂ ಈಗ ಪೂರ್ತಿ ನಿಲ್ಲುವುದಿಲ್ಲ; ಮೂಗುಬೊಟ್ಟು ನೆನಪಾದರೆ ಹುಬ್ಬು ಮರೆಯುತ್ತದೆ. ನಾವೆಲ್ಲ ಹೋದ ಮೇಲೆ ಅವರು ಇದ್ದರು ಎನ್ನಲು ಗೋಡೆಯ ಮೇಲೆ ಏನೂ ಇರುವುದಿಲ್ಲ. ಅದು ನಷ್ಟವೇ. ಇಲ್ಲ ಅನ್ನುವುದಿಲ್ಲ.

"ಉಳೀಬೇಕಿತ್ತು," ಎಂದೆ. "ಆದ್ರೂ ಕೊಡಲ್ಲ. ಮಿಕ್ಕವರೂ ಕೊಡಲ್ಲ, ಕೇಳಿ ನೋಡು."